ಘಟ್ಟದಾಚೆಯ ಕಡತಗಳು: ಕರ್ನಾಟಕ ವಿಶ್ವವಿದ್ಯಾಲಯದ ದಾಖಲೆಗಳು ಮತ್ತು ಕಾರವಾರ–ಅಂಕೋಲಾ ಕರಾವಳಿ

ವಿಶ್ವವಿದ್ಯಾಲಯವೊಂದರ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಘಟಿಕೋತ್ಸವ ಭಾಷಣ, ವಾರ್ಷಿಕ ವರದಿ, ಮಹೋತ್ಸವ ಸಂಪುಟಗಳಿಂದ ತೊಡಗುತ್ತಾರೆ. ಇವು ಅಚ್ಚಾದ ಆಕರಗಳು; ಸಂಸ್ಥೆಯು ತನ್ನ ಬಗೆಗೆ ತಾನೇ ಹೇಳಬಯಸಿದ್ದನ್ನು ಹೇಳುತ್ತವೆ. ಅಂಕೋಲಾ ತಾಲೂಕಿನ ಹಟ್ಟಿಕೇರಿಯಂಥ ಒಂದು ಊರಿನಿಂದ ಮೊದಲು ಪದವಿಯವರೆಗೆ ಓದಿದವರು ಯಾರು, ಯಾವ ಸಮುದಾಯದವರು, ಮೊದಲ ಹೆಣ್ಣುಮಗಳು ಕಾಲೇಜಿನ ಮೆಟ್ಟಿಲೇರಿದ್ದು ಯಾವಾಗ ಎಂಬ ಪ್ರಶ್ನೆಗಳಿಗೆ ಅವುಗಳಲ್ಲಿ ಉತ್ತರವಿಲ್ಲ. ಉತ್ತರವಿರುವುದು ಅಚ್ಚಾಗದ ಕಾಗದಗಳಲ್ಲಿ: ಪ್ರವೇಶದ ರಜಿಸ್ಟರು, ಪರೀಕ್ಷಾಂಗದ ಫಲಿತಾಂಶ ಪಟ್ಟಿ, ಕಾಲೇಜುಗಳ ಸಂಯೋಜನಾ ಕಡತ. ಇವುಗಳ ರಕ್ಷಣೆ ಮತ್ತು ಹಂಚಿಕೆಯ ಪ್ರಶ್ನೆಯನ್ನು ಕರಾವಳಿಯ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅಂದಿನಿಂದ ಇಲ್ಲಿಯ ವಿದ್ಯಾರ್ಥಿಗಳು ಬರೆದುದು 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆಗಳನ್ನು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದ ಮೇಲೂ ಪದವಿಯ ಮುದ್ರೆ ಮುಂಬಯಿಯದೇ ಆಗಿತ್ತು. 1949ರ ಕಾಯಿದೆಯನ್ವಯ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು ಕೂಡ ಮುಂಬಯಿಯಲ್ಲಿಯೇ. ಅದೇ ಅಕ್ಟೋಬರದಲ್ಲಿ ಕಚೇರಿ ಧಾರವಾಡಕ್ಕೆ ಬಂದು, 1950ರ ಮಾರ್ಚಿಯಲ್ಲಿ ವಿಧ್ಯುಕ್ತ ಉದ್ಘಾಟನೆಯಾಯಿತು. ಹೀಗಾಗಿ ಈ ಜಿಲ್ಲೆಯ ಉಚ್ಚ ಶಿಕ್ಷಣದ ದಾಖಲೆ ಆರಂಭದಿಂದಲೇ ಎರಡು ನಗರಗಳಲ್ಲಿ ಹಂಚಿಹೋಗಿದೆ, ಮತ್ತು ಎರಡೂ ನಗರಗಳು ಕರಾವಳಿಗೆ ದೂರ.

ಆದರೆ ಇನ್ನೊಂದು ಸಂಗತಿ ಗಮನಾರ್ಹ. 1956ರ ಏಕೀಕರಣದಿಂದ ವಿಶ್ವವಿದ್ಯಾಲಯದ ವ್ಯಾಪ್ತಿ ಹಿಗ್ಗಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಗೊಂಡು ಕುಗ್ಗಿತು. ಇಂಥ ಪ್ರತಿಯೊಂದು ವಿಭಜನೆಯಲ್ಲಿಯೂ ಚಾಲ್ತಿಯ ಕಡತ ಯಾರಿಗೆ, ಹಳೆಯ ಕಡತ ಯಾರಿಗೆ ಎಂಬ ತೊಡಕು ಏಳುತ್ತದೆ. ಉತ್ತರ ಕನ್ನಡ ಮಾತ್ರ ಮೊದಲ ದಿನದಿಂದ ಇಂದಿನವರೆಗೆ ಧಾರವಾಡದ ವ್ಯಾಪ್ತಿಯನ್ನು ಬಿಟ್ಟು ಹೊರಗೆ ಹೋಗಿಲ್ಲ. ಮುಕ್ಕಾಲು ಶತಮಾನದ ಅಖಂಡ ದಾಖಲೆಶ್ರೇಣಿಯೊಂದನ್ನು ಜಿಲ್ಲಾವಾರು ಅಧ್ಯಯನ ಮಾಡಬೇಕೆಂದರೆ ಇದಕ್ಕಿಂತ ಒಳ್ಳೆಯ ಕ್ಷೇತ್ರ ಸಿಗಲಾರದು.

ಸಂಯೋಜನಾ ಕಡತವೆಂದರೆ ಬರಿಯ ಅರ್ಜಿ-ಅನುಮತಿಗಳ ಕಟ್ಟಲ್ಲ. ಕಾಲೇಜು ಬೇಕೆಂದು ಕೇಳಿದವರು ಯಾರು, ನಿವೇಶನ ಎಲ್ಲಿಯದು, ಗ್ರಂಥಾಲಯದಲ್ಲಿ ಎಷ್ಟು ಪುಸ್ತಕಗಳಿದ್ದವು, ಠೇವಣಿ ಎಲ್ಲಿಂದ ಬಂತು, ಪರಿಶೀಲನೆಗೆ ಬಂದ ಸಮಿತಿ ಏನು ಕೊರತೆ ಕಂಡಿತು ಎಂಬ ವಿವರಗಳೆಲ್ಲ ಅದರಲ್ಲಿ ಸೇರುವಂಥವು. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ, ಮುಂದೆ ಅಂಕೋಲೆಗೆ ಗೋಖಲೆ ಸೆಂಟಿನರಿ ಕಾಲೇಜನ್ನು ತಂದರು. ಇದನ್ನು ನಾವು ಅವರ ಚರಿತ್ರೆಯ ಒಂದು ಅಧ್ಯಾಯವಾಗಿ ಓದಿಕೊಂಡು ಬಂದಿದ್ದೇವೆ. ಅದೇ ಸಂಗತಿಯನ್ನು ವಿಶ್ವವಿದ್ಯಾಲಯದ ಕಡತ ಬೇರೊಂದು ಕಡೆಯಿಂದ ತೋರಿಸಬಲ್ಲದು. ಕಾಲೇಜಿನ ಜನರಲ್ ರಜಿಸ್ಟರಿನಲ್ಲಿ ಹುಟ್ಟಿದ ಊರು, ಜಾತಿ, ಹಿಂದೆ ಕಲಿತ ಶಾಲೆ ದಾಖಲಾಗಿರುತ್ತವೆ. ಹಾಲಕ್ಕಿ, ನಾಡವ, ಕೋಮಾರಪಂತ, ಹರಿಕಾಂತ ಮನೆಗಳ ಮಕ್ಕಳು ಯಾವ ದಶಕದಲ್ಲಿ ಎಷ್ಟು ಮಂದಿ ಬಂದರು, ಎಷ್ಟು ಮಂದಿ ನಡುವೆಯೇ ಬಿಟ್ಟರು ಎಂಬುದನ್ನು ಎಣಿಸಿ ತೋರಿಸುವ ಆಕರ ಅದೇ. ಧಾರವಾಡದ ಕಡತವೂ ಅಂಕೋಲೆಯ ರಜಿಸ್ಟರೂ ಒಂದನ್ನು ಬಿಟ್ಟು ಇನ್ನೊಂದು ಅರ್ಧ ಮಾತ್ರ.

ಕಚೇರಿ ಕಡತವಿಲ್ಲದಲ್ಲಿ ಆತ್ಮಕಥನವೇ ಆಕರವಾಗಿಬಿಡುವ ಅಪಾಯವುಂಟು. 1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ಡಿ. ಸಿ. ಪಾವಟೆಯವರು 1964ರಲ್ಲಿ ‘ಮೆಮೊಯರ್ಸ್ ಆಫ್ ಆ್ಯನ್ ಎಜುಕೇಷನಲ್ ಅಡ್ಮಿನಿಸ್ಟ್ರೇಟರ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಬೆಲೆಯುಳ್ಳ ಕೃತಿ, ನಿಜ. ಆದರೆ ಅದು ಕುಲಪತಿಯ ಕುರ್ಚಿಯಿಂದ ಕಂಡ ವಿಶ್ವವಿದ್ಯಾಲಯ. ಸೆನೆಟ್ ಮತ್ತು ಸಿಂಡಿಕೇಟ್ ನಡವಳಿಗಳನ್ನು ಪಕ್ಕದಲ್ಲಿಟ್ಟುಕೊಳ್ಳದೆ ಅದನ್ನು ಓದುವುದು ಇತಿಹಾಸಕಾರನಿಗೆ ತಕ್ಕುದಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ತನ್ನ ದಾಖಲೆಗಳಿಗೆಂದೇ ಒಬ್ಬ ಪಾಲಕನನ್ನು ನೇಮಿಸಿದ್ದು 1634ರಲ್ಲಿ. ತಾಮ್ರಪಟ, ಓಲೆಗರಿಗಳನ್ನು ಇತಿಹಾಸವೆಂದು ಗುರುತಿಸುವ ನಮ್ಮ ವಿದ್ವತ್ತು ಐವತ್ತರ ದಶಕದ ಬೆರಳಚ್ಚಿನ ಕಾಗದವನ್ನು ರದ್ದಿಯೆಂದು ಕಾಣುವುದು ವಿಚಿತ್ರವೇ ಸರಿ. ಆ ಕಾಲದ ಅಗ್ಗದ ಕಾಗದ ತನ್ನೊಳಗಿನ ಆಮ್ಲದಿಂದಲೇ ಹಳದಿಗಟ್ಟಿ ಮುರಿಯುತ್ತದೆ. ಕರಾವಳಿಯಲ್ಲಂತೂ ನಾಲ್ಕು ತಿಂಗಳ ಮಳೆ, ಉಪ್ಪುಗಾಳಿ, ಗೆದ್ದಲು ಜೊತೆಗೂಡುತ್ತವೆ. ಓಲೆಗರಿಗಿಂತ ಇದರ ಆಯುಷ್ಯ ಕಡಿಮೆ.

ಹಂಚಿಕೆಯೆಂದರೆ ಎಲ್ಲವನ್ನೂ ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಏರಿಸುವುದೆಂಬ ತಿಳಿವಳಿಕೆ ಇಂದು ಬಲವಾಗಿದೆ. ಸೂಚಿಯಿಲ್ಲದ ಸಾವಿರಾರು ಚಿತ್ರಗಳು ಕಟ್ಟು ಬಿಚ್ಚದ ರುಮಾಲಿಗಿಂತ ಹೆಚ್ಚು ಉಪಯುಕ್ತವೆಂದು ನನಗೆ ತೋರುವುದಿಲ್ಲ. ಮೊದಲು ಆಗಬೇಕಾದುದು ಪಟ್ಟಿ, ಅದೂ ಕಡತ ಹುಟ್ಟಿದ ಕಚೇರಿಯ ಮೂಲಕ್ರಮವನ್ನು ಕೆಡಿಸದೆ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಕಲಮು ದಾಖಲೆಗಳನ್ನು ವರ್ಗೀಕರಿಸಿ ಸೂಚಿ ಸಿದ್ಧಪಡಿಸುವುದನ್ನು ಸಾರ್ವಜನಿಕ ಸಂಸ್ಥೆಗಳ ಕರ್ತವ್ಯವಾಗಿಸಿದೆ; 8ನೆಯ ಕಲಮು ಇಪ್ಪತ್ತು ವರ್ಷ ಮೀರಿದ ಸಂಗತಿಗಳ ಮೇಲಿನ ಬಹುತೇಕ ನಿರ್ಬಂಧಗಳನ್ನು ಸಡಿಲಿಸಿದೆ. ಹಾಗೆಂದು ಬದುಕಿರುವವರ ಅಂಕಪಟ್ಟಿ, ಜಾತಿಯ ಕಾಲಮುಗಳನ್ನು ಹೆಸರು ಸಹಿತ ತೆರೆದಿಡುವಂತಿಲ್ಲ. ಸಂಶೋಧಕನಿಗೆ ಬೇಕಾದುದು ಬಹಳ ಸಲ ಹೆಸರಲ್ಲ, ಸಂಖ್ಯೆ.

ಕೊನೆಯದಾಗಿ, ಕಾರವಾರದ ಕೋಡಿಬಾಗದಲ್ಲಿರುವ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವನ್ನು ಹೆಸರಿಸಬೇಕು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು; ಸಾವಿರಾರು ಕುಟುಂಬಗಳು ಊರು ಬಿಟ್ಟವು; 2005ರಲ್ಲಿ ಐ.ಎನ್.ಎಸ್. ಕದಂಬ ಕಾರ್ಯಾರಂಭ ಮಾಡಿತು. ಅರಗಾದ ಸುತ್ತಲಿನ ಕಡಲಂಚು ಇಂದು ನೌಕಾಪಡೆಯ ಆವರಣ. ಅದಕ್ಕೂ ಮುಂಚೆ ಈ ಕರಾವಳಿಯಲ್ಲಿ ಮೀನು, ಚಿಪ್ಪು, ನೀರಿನ ಲವಣಾಂಶಗಳನ್ನು ಅಳೆದು ಬರೆದಿಟ್ಟ ಪ್ರತಿಯೊಂದು ಕ್ಷೇತ್ರ ಟಿಪ್ಪಣಿಯೂ ಇಂದು ಮತ್ತೆ ಮಾಡಲಾಗದ ಅವಲೋಕನ. ಪಿಎಚ್.ಡಿ. ಪ್ರಬಂಧಗಳನ್ನು ಶೋಧಗಂಗಾ ಸಂಗ್ರಹಿಸುತ್ತದೆ. ಪ್ರಬಂಧಕ್ಕೆ ಆಧಾರವಾದ ನೋಟುಬುಕ್ಕನ್ನು ಕೇಳುವವರಿಲ್ಲ. ಅವನ್ನು ವಿಭಾಗದ ಕಪಾಟಿನಿಂದ ವಿಶ್ವವಿದ್ಯಾಲಯದ ಪತ್ರಾಗಾರಕ್ಕೆ ಸೇರಿಸಿ, ಪ್ರತಿಯೊಂದನ್ನು ಕಾರವಾರದಲ್ಲಿಯೇ ಉಳಿಸಬೇಕು. ಅರಬೈಲ್ ಘಟ್ಟ ಹತ್ತಿ ಧಾರವಾಡಕ್ಕೆ ಹೋದ ಕಾಗದವನ್ನು ನೋಡಲು ಹಟ್ಟಿಕೇರಿಯ ಮೀನುಗಾರನ ಮಗ ಒಂದು ದಿನದ ದುಡಿಮೆ ಬಿಡಬೇಕಾಗುತ್ತದೆ.