ಪ್ರತಿಕಾಯವಿಲ್ಲದ ಗಿಡ ವೈರಸ್ ಜತೆ ಹೋರಾಡುವುದು ಹೇಗೆ? ಪುಟ್ಟ ಆರ್‌ಎನ್‌ಎ ರಹಸ್ಯ ಬಿಡಿಸಿದ ಹೈದರಾಬಾದ್ ಸಂಶೋಧನೆ

ಹೈದರಾಬಾದ್: ವೈರಸ್ ದೇಹ ಹೊಕ್ಕರೆ ಮನುಷ್ಯರಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ. ಟೊಮೆಟೊ, ಮೆಣಸಿನಕಾಯಿ, ಪಪ್ಪಾಯ ಗಿಡಗಳಿಗೆ ಆ ಸೌಲಭ್ಯವಿಲ್ಲ. ವೈರಸ್ ಎದುರು ಅವುಗಳ ಪ್ರಮುಖ ಅಸ್ತ್ರ ಪುಟ್ಟ ಆರ್‌ಎನ್‌ಎ. ಗಿಡದ ಸ್ವಂತ ಜೀನ್‌ಗಳನ್ನು ಹತೋಟಿಯಲ್ಲಿಡುವುದೂ ಇವೇ. ಈ ವ್ಯವಸ್ಥೆಯ ಒಂದು ಮುಖ್ಯ ಕೊಂಡಿಯನ್ನು ಹೈದರಾಬಾದ್‌ನ ಸಿಸಿಎಂಬಿ ವಿಜ್ಞಾನಿಗಳು ಬಿಡಿಸಿಟ್ಟಿದ್ದಾರೆ. ಆ ಕುರಿತ ಮಾಹಿತಿ ಇಲ್ಲಿದೆ.

ಏನಿದು ಪುಟ್ಟ ಆರ್‌ಎನ್‌ಎ?

ಜೀನ್‌ನಲ್ಲಿರುವ ಮಾಹಿತಿ ಮೊದಲು ಸಂದೇಶವಾಹಕ ಆರ್‌ಎನ್‌ಎ ಆಗಿ ನಕಲಾಗುತ್ತದೆ. ಅದನ್ನು ಓದಿ ಜೀವಕೋಶ ಪ್ರೋಟೀನ್ ತಯಾರಿಸುತ್ತದೆ. ಈ ಸಂದೇಶ ಸಾಮಾನ್ಯವಾಗಿ ನೂರಾರು, ಸಾವಿರಾರು ಅಕ್ಷರಗಳಷ್ಟು ಉದ್ದವಿರುತ್ತದೆ. ಪುಟ್ಟ ಆರ್‌ಎನ್‌ಎ ಉದ್ದ ಕೇವಲ 21ರಿಂದ 24 ಅಕ್ಷರ. ಅದರಿಂದ ಪ್ರೋಟೀನ್ ತಯಾರಾಗುವುದಿಲ್ಲ. ಬದಲಿಗೆ, ಬೇರೆ ಸಂದೇಶಗಳನ್ನು ಅದು ತಡೆಯುತ್ತದೆ.

ಕೆಲಸ ಮಾಡುವುದು ಹೇಗೆ?

ಮೊದಲು ಎರಡೆಳೆಯ ಆರ್‌ಎನ್‌ಎಯನ್ನು ಡೈಸರ್ ಮಾದರಿಯ ಕಿಣ್ವ ಸಣ್ಣದಾಗಿ ಕತ್ತರಿಸುತ್ತದೆ. ಬಳಿಕ ಆರ್ಗೊನಾಟ್ ಎಂಬ ಪ್ರೋಟೀನ್ ಒಂದು ಎಳೆಯನ್ನು ಹಿಡಿದು, ಅದಕ್ಕೆ ಹೊಂದುವ ಸಂದೇಶವನ್ನು ಹುಡುಕಿ ತುಂಡರಿಸುತ್ತದೆ. ಸಂದೇಶವೇ ಹೋದ ಮೇಲೆ ಪ್ರೋಟೀನ್ ಎಲ್ಲಿಂದ ಬರಬೇಕು? ವೈರಸ್‌ನ ಆರ್‌ಎನ್‌ಎಗೂ ಇದೇ ಗತಿ. ಇನ್ನು 24 ಅಕ್ಷರದ ತುಣುಕುಗಳು ಡಿಎನ್‌ಎ ಮೇಲೆ ರಾಸಾಯನಿಕ ಗುರುತು ಬೀಳುವಂತೆ ಮಾಡಿ ಜೀನ್ ಅನ್ನೇ ಮೌನವಾಗಿಸುತ್ತವೆ.

ಹೂವು ಕೊಟ್ಟ ಸುಳಿವು

1990ರಲ್ಲಿ ಪೆಟೂನಿಯಾ ಹೂವಿನ ಬಣ್ಣ ಗಾಢವಾಗಿಸಲು ಅಮೆರಿಕದ ವಿಜ್ಞಾನಿಗಳು ಬಣ್ಣದ ಜೀನ್‌ನ ಹೆಚ್ಚುವರಿ ಪ್ರತಿ ಸೇರಿಸಿದರು. ಆದರೆ ಹಲವು ಹೂಗಳು ಬಿಳಿಯಾದವು. ಸೇರಿಸಿದ ಜೀನ್ ಜತೆ ಗಿಡದ ಮೂಲ ಜೀನ್ ಕೂಡ ಮೌನವಾಗಿತ್ತು! 1999ರಲ್ಲಿ ಬ್ರಿಟನ್‌ನ ಆಂಡ್ರ್ಯೂ ಹ್ಯಾಮಿಲ್ಟನ್ ಮತ್ತು ಡೇವಿಡ್ ಬೌಲ್‌ಕೂಂಬ್ ಇಂಥ ಗಿಡಗಳಲ್ಲಿ ಪುಟ್ಟ ಆರ್‌ಎನ್‌ಎ ಪತ್ತೆಹಚ್ಚಿದರು.

ಸಿಸಿಎಂಬಿ ಕಂಡುಕೊಂಡಿದ್ದೇನು?

ಪ್ರಯೋಗಾಲಯಗಳ ನೆಚ್ಚಿನ ಗಿಡ ಅರಬಿಡಾಪ್ಸಿಸ್‌ನಲ್ಲಿ ಡೈಸರ್ ಮಾದರಿಯ 4 ಕಿಣ್ವಗಳಿವೆ. ನಾಲ್ಕನೆಯದಾದ ಡಿಸಿಎಲ್4ಕ್ಕೆ ಡಿಆರ್‌ಬಿ4 ಎಂಬ ಪ್ರೋಟೀನ್ ಸಹಾಯಕ. ಇದಿಲ್ಲದ ಗಿಡದಲ್ಲಿ ಎಲೆಯ ಆಕಾರವೇ ಬದಲಾಗುತ್ತದೆ. ಆರ್‌ಎನ್‌ಎ ಹಿಡಿಯಲು ಡಿಆರ್‌ಬಿ4ಕ್ಕೆ ಎರಡು ಭಾಗಗಳಿವೆ. ಮಂದಾರ್ ದೇಶಮುಖ್ ನೇತೃತ್ವದ ತಂಡ ಎನ್ಎಂಆರ್ ತಂತ್ರದಿಂದ ಇದರ ರಚನೆಯನ್ನು ಅಧ್ಯಯನ ಮಾಡಿ, ಎರಡೆಳೆಯ ಆರ್‌ಎನ್‌ಎ ಗುರುತಿಸುವ ಮುಖ್ಯ ಕೆಲಸ ಮೊದಲ ಭಾಗದ್ದು ಎಂದು 2017ರಲ್ಲಿ ತೋರಿಸಿತು.

ಭತ್ತದ ಕಥೆಯೂ ಇದೇ

ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ಪಿ.ವಿ. ಶಿವಪ್ರಸಾದ್ ತಂಡ ಕಾಡುಭತ್ತ ಮತ್ತು ನಾಟಿ ಭತ್ತವನ್ನು ಹೋಲಿಸಿತು. ಕಾಡುಭತ್ತದಲ್ಲಿ ಹೇರಳವಾಗಿರುವ ಮಿಆರ್397 ಎಂಬ ಪುಟ್ಟ ಆರ್‌ಎನ್‌ಎ, ಇಂಡಿಕಾ ತಳಿಗಳಲ್ಲಿ ಕಡಿಮೆಯಾಗಿದೆ. ನಾವು ಇಂದು ಬೆಳೆಯುವ ಭತ್ತದ ಹಲವು ಗುಣಗಳಿಗೆ ಇದೂ ಕಾರಣ ಎಂದು 2018ರಲ್ಲಿ ತಂಡ ವರದಿ ಮಾಡಿತು.

ರೈತರಿಗೇನು ಲಾಭ?

ವೈರಸ್‌ಗಳೂ ಸುಮ್ಮನಿಲ್ಲ. ಗಿಡದ ಈ ರಕ್ಷಣೆಯನ್ನು ಅಡಗಿಸುವ ಪ್ರೋಟೀನ್‌ಗಳನ್ನು ಅವು ತಯಾರಿಸುತ್ತವೆ. ಈ ಹಗ್ಗಜಗ್ಗಾಟದಲ್ಲಿ ಗಿಡದ ಕೈ ಮೇಲಾಗುವಂತೆ ಮಾಡಬಹುದು ಎಂಬುದಕ್ಕೆ ಹವಾಯಿಯ ‘ರೇನ್‌ಬೋ’ ಪಪ್ಪಾಯ ಸಾಕ್ಷಿ. ಉಂಗುರ ಚುಕ್ಕೆ ರೋಗದ ವೈರಸ್‌ನ ಜೀನ್ ತುಣುಕನ್ನೇ ಸೇರಿಸಿ ರೂಪಿಸಿದ ಈ ತಳಿ 1998ರಲ್ಲಿ ರೈತರ ಕೈ ಸೇರಿ, ಅಲ್ಲಿನ ಪಪ್ಪಾಯ ಕೃಷಿಯನ್ನು ಉಳಿಸಿತು. ಕತ್ತರಿಸುವ ಕಿಣ್ವ ಯಾವುದು, ಹಿಡಿಯುವ ಭಾಗ ಯಾವುದು ಎಂಬುದು ಸ್ಪಷ್ಟವಾದಷ್ಟೂ ಇಂಥ ತಳಿಗಳನ್ನು ಹೆಚ್ಚು ನಿಖರವಾಗಿ ರೂಪಿಸುವ ದಾರಿ ತೆರೆಯುತ್ತದೆ.