ರಾಕ್ಷಸನ ವೇಷ ಕಳಚಿದ ಮೇಲೆ

ಕಾರವಾರದ ಬೀಚಿಗೆ ಟ್ಯಾಗೋರರ ಹೆಸರಿದೆ ಅನ್ನೋದು ವೀಕೆಂಡ್ ಟ್ರಿಪ್ ಹೋದವರಿಗೆಲ್ಲ ಗೊತ್ತು. ಅಣ್ಣ ಸತ್ಯೇಂದ್ರನಾಥ ಅಲ್ಲಿ ಜಡ್ಜ್ ಆಗಿದ್ದಾಗ, 1883ರಲ್ಲಿ, 22ರ ಹರೆಯದ ರವೀಂದ್ರರು ಬಂದು ಉಳಿದಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಅಲ್ಲೇ. ಊರವರೆಲ್ಲ ಮುಟ್ಟದೆ ದೂರ ಇಟ್ಟ ಅನಾಥ ಹುಡುಗಿಯೊಬ್ಬಳು ಅದರಲ್ಲಿ ಬರ್ತಾಳೆ.

ಕಾಳಿ ನದಿ ದಾಟಿ ಮಾಜಾಳಿ ಕಳೆದರೆ ಗೋವಾ. 1989ರಲ್ಲಿ ಅಲ್ಲಿ ಡೊಮಿನಿಕ್ ಡಿಸೋಜಾ ಎಂಬ ಯುವಕರನ್ನು ಪೊಲೀಸರು ಹಿಡಿದೊಯ್ದರು. ಮಾಡಿದ ಅಪರಾಧ? ರಕ್ತದಾನ ಮಾಡಿದ್ದರು, ಅದರಲ್ಲಿ ಎಚ್‌ಐವಿ ಪತ್ತೆಯಾಗಿತ್ತು. ಆಗಿನ ಗೋವಾ ಕಾನೂನಿನಂತೆ 64 ದಿನ ಹಳೇ ಟಿಬಿ ಆಸ್ಪತ್ರೆಯಲ್ಲಿ ಒಂಟಿಯಾಗಿ ಕೂಡಿಹಾಕಿದರು. ತಾಯಿ ಲೂಸಿ ಬಾಂಬೆ ಹೈಕೋರ್ಟಿಗೆ ಹೋದರು. ಮಗ ಹೊರಗೆ ಬಂದರು ನಿಜ, ಆದರೆ ಕೋರ್ಟು ಕಾನೂನನ್ನೇ ಎತ್ತಿಹಿಡಿಯಿತು.

ಇಂಥ ಭಯ ನಮ್ಮ ಕಡೆಯ ನಾಟಕಕ್ಕೂ ಬಂತು. ಹೈಸ್ಕೂಲಲ್ಲಿದ್ದಾಗ ಅಂಕೋಲೆಯಲ್ಲಿ ನಾನು ನೋಡಿದ ಬೀದಿನಾಟಕದಲ್ಲಿ ಏಡ್ಸ್ ಅಂದ್ರೆ ಕಪ್ಪು ಬಟ್ಟೆಯ, ಕೋರೆಹಲ್ಲಿನ ರಾಕ್ಷಸ. ಯಕ್ಷಗಾನ ನೋಡಿ ಬೆಳೆದವರು ನಾವು, ರಾಕ್ಷಸ ಬಂದ್ರೆ ಖುಷಿ. ಕೇಕೆ ಹಾಕಿದ್ವಿ. ಲಾರಿ ಡ್ರೈವರ್ ಸತ್ತ, ನಾಟಕ ಮುಗೀತು. ಹೆದ್ದಾರಿ ಪಕ್ಕದ ಊರಲ್ಲಿ ಲಾರಿ ಡ್ರೈವರ್ ಅಂದ್ರೆ ಯಾರದೋ ಅಪ್ಪ, ಯಾರದೋ ಮಾವ. ಆ ಮಕ್ಕಳು ಮನೆಗೆ ಏನು ಹೊತ್ತುಕೊಂಡು ಹೋದರೋ! ವೈರಸ್ಸಿಗೆ ವೇಷ ಹಾಕಿದರೆ ಕೊನೆಗೆ ಆ ವೇಷ ಅಂಟಿಕೊಳ್ಳೋದು ರೋಗಿಗೇ ಅಂತ ನನ್ನ ನಂಬಿಕೆ.

ತರಗತಿಯಲ್ಲಾದರೂ ಮಾತಾಡಬಹುದಿತ್ತು. 2005ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಬಂತು. 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಬೇಡ ಅಂದವು. (ಮೊಬೈಲು ಯಾರ ಅನುಮತಿಯೂ ಕೇಳದೆ ಮಕ್ಕಳ ಕೈಗೆ ಬಂತು, ಅದು ಬೇರೆ ಮಾತು.)

ಈಗ ನಾವು ನಾಲ್ಕೈದು ಗೆಳೆಯರು ರಜೆ ಹಾಕಿ ಕಾರವಾರ, ಅಂಕೋಲೆಯ ಪಿಯು ಮಕ್ಕಳ ಮುಂದೆ ಆಡೋದು ಬ್ರೆಜಿಲ್‌ನ ಅಗಸ್ಟೋ ಬೋಲ್ ರೂಪಿಸಿದ ಫೋರಂ ಥಿಯೇಟರ್. ನೋಡ್ತಾ ಕೂತವರು ‘ನಿಲ್ಸಿ’ ಅಂದ್ರೆ ಆಟ ನಿಲ್ಲಬೇಕು. ಹಾಗೆ ಅಂದವರೇ ಎದ್ದು ಬಂದು ಪಾತ್ರ ಮಾಡಿ ಕಥೆ ತಿರುಗಿಸಬೇಕು. ಒಂದು ದೃಶ್ಯದಲ್ಲಿ ಗೋವಾದಲ್ಲಿ ದುಡಿಯೋ ಅಣ್ಣ ಮೆಡಿಕಲ್ ಶಾಪಿಗೆ ಕಾಂಡೋಮ್ ಕೇಳೋಕೆ ಹೋಗಿ, ಅಂಗಡಿಯವರು ಅಪ್ಪನ ಗೆಳೆಯರು ಅಂತ ಗೊತ್ತಾಗಿ ವಿಕ್ಸ್ ಗುಳಿಗೆ ತಗೊಂಡು ಬರ್ತಾನೆ. ನಗು ನಿಲ್ಲೋಕೆ ಐದು ನಿಮಿಷ ಬೇಕು. ಆಮೇಲೆ ಪ್ರಶ್ನೆಗಳು ಬರ್ತವೆ.

ಇನ್ನೊಂದು, ಹುಟ್ಟಿನಿಂದಲೇ ಎಚ್‌ಐವಿ ಇರುವ ಹುಡುಗಿಯದು. ಊಟದ ಹೊತ್ತಿಗೆ ಅವಳ ಬೆಂಚು ಖಾಲಿ. ಒಮ್ಮೆ ಅಂಕೋಲೆಯಲ್ಲಿ ಒಬ್ಬಳು ‘ನಿಲ್ಸಿ’ ಅಂದಳು. ಬಂದು ಪಕ್ಕದಲ್ಲೇ ಕೂತು, ಇಲ್ಲದ ಡಬ್ಬಿ ತೆರೆದು, “ಬಂಗಡೆ ಹುರಿದದ್ದಿದೆ, ತಿಂತೀಯನೇ?” ಅಂದಳು. ಹಾಲ್ ಸುಮ್ಮನಾಯ್ತು. ಹಿಂದಿನಿಂದ ಒಬ್ಬ ಹುಡುಗ, “ಸರ್, ತಿನ್ನೋದು ಸರಿ. ಕಬಡ್ಡಿ ಆಡುವಾಗ ಅವಳಿಗೆ ಪೆಟ್ಟಾಗಿ ರಕ್ತ ಬಂದ್ರೆ?” ಅಂತ ಕೇಳಿದ.

ಯಾರಿಗೆ ಪೆಟ್ಟಾದ್ರೂ ಆಟ ನಿಲ್ಲಿಸಿ, ಗ್ಲೌಸ್ ಹಾಕಿ, ಗಾಯ ತೊಳೆದು ಪಟ್ಟಿ ಕಟ್ಟಬೇಕು, ಅವಳಿಗಷ್ಟೇ ಅಲ್ಲ ಅಂದೆ. 2004ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಎಆರ್‌ಟಿ ಮಾತ್ರೆ ಪುಕ್ಕಟೆ ಸಿಗುತ್ತೆ ಅಂತಲೂ ಹೇಳಿದೆ.

“ಹಂಗಾದ್ರೆ ಆಡಬಹುದು,” ಅಂದ ಅವನು.