ಕಟಮರಾನ್ ವಿಹಾರ: ಸೇಂಟ್ ಲೂಸಿಯಾದ ಪಶ್ಚಿಮ ಕರಾವಳಿ

ಕ್ರೂಸ್ ಹಡಗು ಬಂದರಿನಲ್ಲಿ ತಂಗುವ ದಿನ ಪ್ರಯಾಣಿಕರು ಕೈಗೊಳ್ಳುವ ಹೊರಸಂಚಾರಗಳಲ್ಲಿ ಕಟಮರಾನ್ ವಿಹಾರವೂ ಒಂದು. ಬೆಳಗ್ಗೆ ಜೋಡಿ ಒಡಲಿನ ಹಾಯಿದೋಣಿ ಹತ್ತುವುದು, ಕರಾವಳಿಯ ಗುಂಟ ಸಾಗುವುದು, ನಡುವೆ ಈಜಿ ಉಂಡು ಹಡಗು ಹೊರಡುವ ಮೊದಲೇ ಮರಳುವುದು ಇದರ ಕ್ರಮ. ಕೆರಿಬಿಯನ್ ಸಮುದ್ರದ ಹಲವು ಬಂದರುಗಳಲ್ಲಿ ಇದು ಲಭ್ಯ. ಬಾರ್ಬಡೋಸಿನಲ್ಲಿ ಕಾರ್ಲೈಲ್ ಕೊಲ್ಲಿಯ ಆಮೆಗಳನ್ನು ನೋಡಲು, ಗ್ರ್ಯಾಂಡ್ ಕೇಮನ್‌ನಲ್ಲಿ ಮರಳುದಿಬ್ಬದ ತೊರಕೆ ಮೀನುಗಳ ನಡುವೆ ನಿಲ್ಲಲು ಜನ ಹೋಗುತ್ತಾರೆ; ಅಲ್ಲಿಗೆ ಅರ್ಧ ದಿನ ಸಾಕು. ಸೇಂಟ್ ಲೂಸಿಯಾದ ವಿಹಾರ ಮಾತ್ರ ಹೆಚ್ಚುಕಡಿಮೆ ಇಡೀ ದಿನವನ್ನೇ ಬೇಡುತ್ತದೆ. ಕೊಟ್ಟ ದಿನಕ್ಕೆ ತಕ್ಕ ಫಲವನ್ನೂ ಕೊಡುತ್ತದೆ, ಏಕೆಂದರೆ ಈ ದ್ವೀಪದ ಮುಖ ಇರುವುದೇ ಕಡಲ ಕಡೆಗೆ. ರಸ್ತೆಯಲ್ಲಿ ಹೋದವರಿಗೆ ತಿರುವುಗಳ ನಡುವೆ ತುಂಡುತುಂಡಾಗಿ ಕಾಣುವ ಕರಾವಳಿ ದೋಣಿಯಲ್ಲಿ ಕುಳಿತವರಿಗೆ ಇಡಿಯಾಗಿ ಕಾಣುತ್ತದೆ.

ಹೆಸರು ಮತ್ತು ದೋಣಿ

ಕಟಮರಾನ್ ಎಂಬ ಹೆಸರನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಮಿಳಿನ ‘ಕಟ್ಟುಮರಂ’ನಲ್ಲಿ ಇರುವುದು ನಮ್ಮ ಕಟ್ಟು ಮತ್ತು ಮರವೇ. ಚೋಳಮಂಡಲ ಕರಾವಳಿಯ ಮೀನುಗಾರರು ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಅಲೆ ಸೀಳಿ ಹೋಗುತ್ತಿದ್ದ ತೆಪ್ಪದ ಹೆಸರು ಅದು. ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ 1697ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ ಈ ಪದವನ್ನು ಬಳಸಿದ್ದಾನೆ. ಆದರೆ ಇಂದು ಕಟಮರಾನ್ ಎಂದು ಕರೆಸಿಕೊಳ್ಳುವ ದೋಣಿಯ ಆಕಾರ ಆ ತೆಪ್ಪದಿಂದ ಬಂದದ್ದಲ್ಲ. ಎರಡು ಉದ್ದನೆಯ ಒಡಲುಗಳನ್ನು ದೂರ ದೂರ ಇಟ್ಟು ಮೇಲೆ ಅಟ್ಟ ಕಟ್ಟುವ ವಿದ್ಯೆ ಪೆಸಿಫಿಕ್ ಸಾಗರದ ಪಾಲಿನೇಷ್ಯನ್ನರದು. ಅಂಥ ದೋಣಿಗಳಲ್ಲೇ ಅವರು ದ್ವೀಪದಿಂದ ದ್ವೀಪಕ್ಕೆ ಗಿಡ, ಬೀಜ, ಹಂದಿ, ಕೋಳಿಗಳ ಸಮೇತ ವಲಸೆ ಹೋದರು. ನಮ್ಮ ಕರಾವಳಿಯ ಕಡವುಗಳಲ್ಲಿ ಎರಡು ದೋಣಿಗಳನ್ನು ಜೋಡಿಸಿ, ಹಲಗೆ ಹಾಸಿ, ಜನ ಮತ್ತು ಸಾಮಾನು ದಾಟಿಸುತ್ತಿದ್ದ ಜಂಗಲ್ ಕಂಡವರಿಗೆ ಇದರ ಗುಟ್ಟು ಥಟ್ಟನೆ ಹೊಳೆಯುತ್ತದೆ.

ಅಮೆರಿಕದ ದೋಣಿಶಿಲ್ಪಿ ನಥಾನಿಯಲ್ ಹೆರೆಶಾಫ್ 1876ರಲ್ಲಿ ‘ಅಮರಿಲಿಸ್’ ಎಂಬ ಜೋಡಿ ಒಡಲಿನ ಹಾಯಿದೋಣಿ ಕಟ್ಟಿ ನ್ಯೂಯಾರ್ಕಿನ ಪಂದ್ಯದಲ್ಲಿ ಎಲ್ಲರನ್ನೂ ಹಿಂದಿಕ್ಕಿದ. ಉಳಿದ ಸ್ಪರ್ಧಿಗಳು ಆಕ್ಷೇಪಿಸಿದ್ದರಿಂದ ಆ ಬಗೆಯ ದೋಣಿಯನ್ನು ಪಂದ್ಯಗಳಿಂದಲೇ ಹೊರಗಿಡಲಾಯಿತು. ಪ್ರವಾಸದ ದೋಣಿಯಾಗಿ ಇದು ಹರಡಿದ್ದು ಎರಡನೇ ಮಹಾಯುದ್ಧದ ನಂತರ.

ಒಂದೇ ಒಡಲಿನ ಹಾಯಿದೋಣಿ ಗಾಳಿಗೆ ವಾಲುತ್ತದೆ. ಅದನ್ನು ಎತ್ತಿ ಹಿಡಿಯಲು ತಳದಲ್ಲಿ ಸೀಸವೋ ಕಬ್ಬಿಣವೋ ಇರಬೇಕು. ಕಟಮರಾನ್‌ಗೆ ಅದರ ಅಗಲವೇ ಆಸರೆ. ತಳದಲ್ಲಿ ಭಾರವಿಲ್ಲದ ಕಾರಣ ಹಗುರ. ಆಳವಿಲ್ಲದ ಕಾರಣ ದಡದ ಸಮೀಪಕ್ಕೆ ಬರಬಲ್ಲದು. ಕೈಯಲ್ಲಿನ ಲೋಟ ಚೆಲ್ಲದಷ್ಟು ಮಟ್ಟವಾಗಿ ಸಾಗುತ್ತದೆ ಎಂಬುದು ಶಾಂತ ನೀರಿನಲ್ಲಿ ನಿಜ. ಅಲೆ ಎದ್ದಾಗ ಅದರ ನಡೆ ಬೇರೆ: ತೂಗುವುದಿಲ್ಲ, ಕುಲುಕುತ್ತದೆ. ಎರಡು ಒಡಲುಗಳ ನಡುವೆ ನುಗ್ಗಿದ ಅಲೆ ಅಟ್ಟದ ತಳಕ್ಕೆ ಧಡ್ ಎಂದು ಬಡಿಯುತ್ತದೆ. ಮೊದಲ ಸಲ ಕೇಳಿದವರು ಏನೋ ಮುರಿಯಿತೆಂದು ಬೆಚ್ಚುತ್ತಾರೆ. ಆ ಸದ್ದು ದೋಣಿಗೆ ಸಹಜವಾದದ್ದು.

ಹತ್ತುವಾಗ

ಸೇಂಟ್ ಲೂಸಿಯಾ ಸುಮಾರು 616 ಚದರ ಕಿಲೋಮೀಟರಿನ ಪುಟ್ಟ ದೇಶ, 1979ರಲ್ಲಿ ಸ್ವತಂತ್ರವಾಯಿತು. ಫ್ರೆಂಚರು ಮತ್ತು ಬ್ರಿಟಿಷರು ಅದಕ್ಕಾಗಿ ಮತ್ತೆ ಮತ್ತೆ ಕಾದಾಡಿದರು; 1814ರಲ್ಲಿ ಅದು ಕೊನೆಯದಾಗಿ ಬ್ರಿಟಿಷರ ಪಾಲಾಯಿತು. ಆಡಳಿತದ ಭಾಷೆ ಇಂಗ್ಲಿಷ್. ಮನೆಮಾತು ಫ್ರೆಂಚ್ ಮೂಲದ ಕ್ವೆಯೋಲ್. ದೋಣಿಯ ಸಿಬ್ಬಂದಿ ತಮ್ಮತಮ್ಮಲ್ಲಿ ಆಡುವ ಮಾತು ಅದೇ. ಭಾರತೀಯರೊಂದಿಗೆ ಅವರ ಮಾತು ಬೇಗ ಕ್ರಿಕೆಟ್ಟಿಗೆ ತಿರುಗುತ್ತದೆ. 2012 ಮತ್ತು 2016ರಲ್ಲಿ ಟಿ20 ವಿಶ್ವಕಪ್ ಗೆದ್ದ ವೆಸ್ಟ್ ಇಂಡೀಸ್ ತಂಡದ ನಾಯಕ ಡ್ಯಾರೆನ್ ಸ್ಯಾಮಿ ಇದೇ ದ್ವೀಪದವರು.

ಹಡಗುಗಳು ನಿಲ್ಲುವುದು ರಾಜಧಾನಿ ಕ್ಯಾಸ್ಟ್ರೀಸ್ ಬಂದರಿನಲ್ಲಿ. ಹಡಗಿನ ಮೂಲಕ ವಿಹಾರಕ್ಕೆ ಹೆಸರು ಕೊಟ್ಟವರು ಕಟ್ಟೆಯ ಮೇಲೆ ತಮ್ಮ ಗುಂಪಿನ ಫಲಕದ ಹಿಂದೆ ಸಾಲಾಗುತ್ತಾರೆ, ಹೊಣೆಪತ್ರಕ್ಕೆ ಸಹಿ ಹಾಕುತ್ತಾರೆ, ಹಡಗಿನ ಕಾರ್ಡನ್ನು ಜೋಪಾನ ಮಾಡುತ್ತಾರೆ. ದೋಣಿಯ ಹೊಸ್ತಿಲಲ್ಲಿ ಒಂದು ದೊಡ್ಡ ಬುಟ್ಟಿ ಇಟ್ಟಿರುತ್ತದೆ. ಚಪ್ಪಲಿ, ಬೂಟು ಎಲ್ಲವೂ ಅದಕ್ಕೆ. ಬಿಳಿಯ ನೆಲಕ್ಕೆ ಗೀರು ಬೀಳಬಾರದು, ಒದ್ದೆ ಅಡಿ ಜಾರಬಾರದು ಎಂಬುದು ಕಾರಣ. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ರೂಢಿಯಿರುವ ನಮಗೆ ಇದು ಕಷ್ಟವೆನಿಸದು; ಆದರೆ ಹತ್ತು ಗಂಟೆಯ ಬಿಸಿಲಿಗೆ ನೆಲ ಕಾದಾಗ ಅಂಗಾಲು ಚುರುಗುಟ್ಟುತ್ತದೆ.

ಕೂರುವ ಜಾಗಗಳು ಎರಡು ಬಗೆ. ಹಿಂಭಾಗದಲ್ಲಿ ನೆರಳಿನ ಬೆಂಚುಗಳು. ಮುಂಭಾಗದಲ್ಲಿ ಎರಡು ಒಡಲುಗಳ ನಡುವೆ ಬಿಗಿದು ಕಟ್ಟಿದ ಬಲೆ. ಬಲೆಯ ಮೇಲೆ ಬೋರಲು ಮಲಗಿದರೆ ಒಂದಾಳು ಎತ್ತರದಷ್ಟು ಕೆಳಗೆ ಕಡಲು ಓಡುತ್ತಿರುತ್ತದೆ. ಮೊದಲು ತುಂತುರು, ಆಮೇಲೆ ಇದ್ದಕ್ಕಿದ್ದಂತೆ ಬಲೆಯ ಕಣ್ಣುಗಳಿಂದ ನೀರು ಚಿಮ್ಮಿ ಎದೆಯವರೆಗೆ ಒದ್ದೆ. ಬಟ್ಟೆ ಒಣಗಿದ ಮೇಲೆ ತೋಳಿನ ಮೇಲೆ ಉಪ್ಪಿನ ಬಿಳಿ ಪುಡಿ ಉಳಿಯುತ್ತದೆ. ಮಕ್ಕಳು ಅಲ್ಲಿಂದ ಏಳುವುದೇ ಇಲ್ಲ. ಬೆನ್ನುನೋವಿನವರಿಗೂ ಗರ್ಭಿಣಿಯರಿಗೂ ಮಾತ್ರ ಆ ಜಾಗ ಸಲ್ಲದು. ಹೊಟ್ಟೆ ತೊಳಸುವವರು ಹಿಂಭಾಗದ ನಡುವೆ ಕುಳಿತು ದಿಗಂತದ ಮೇಲೆ ಕಣ್ಣಿಡುವುದು ಒಳ್ಳೆಯದು. ಮಾತ್ರೆ ನುಂಗುವುದಾದರೆ ಹತ್ತುವ ಮೊದಲೇ ನುಂಗಬೇಕು. ಕ್ಯಾಸ್ಟ್ರೀಸ್ ಇರುವುದು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಎಂದರೆ ನಮ್ಮ ಭಟ್ಕಳದ ನೇರಕ್ಕೆ. ಬಿಸಿಲಿನ ಕಾವು ಅದೇ, ಆದರೆ ಗಾಳಿ ಬೀಸುತ್ತಿರುವುದರಿಂದ ಮೈ ಸುಟ್ಟದ್ದು ಸಂಜೆಯವರೆಗೂ ತಿಳಿಯುವುದಿಲ್ಲ. ಬಿಸಿಲು ತಡೆಯುವ ಲೇಪಗಳಿಗಿಂತ ಉದ್ದ ತೋಳಿನ ಈಜುಡುಗೆ ಮೈಗೂ ಹವಳಕ್ಕೂ ಹಿತ.

ಕಡಲ ದಾರಿ

ಬಂದರಿನ ಬಾಯಿ ದಾಟಿದೊಡನೆ ದೋಣಿ ದಕ್ಷಿಣಕ್ಕೆ ತಿರುಗುತ್ತದೆ. ಇಲ್ಲಿ ವರ್ಷದ ಬಹುಭಾಗ ಪೂರ್ವ ಹಾಗೂ ಈಶಾನ್ಯದಿಂದ ವಾಣಿಜ್ಯ ಮಾರುತ ಬೀಸುತ್ತದೆ. ನಡುವೆ ಬೆಟ್ಟಗಳು ಅಡ್ಡ ನಿಂತಿರುವುದರಿಂದ ಪಶ್ಚಿಮ ಕರಾವಳಿ ಗಾಳಿಮರೆಯಲ್ಲಿದೆ. ಅಟ್ಲಾಂಟಿಕ್ ಬದಿಯಲ್ಲಿ ಅಲೆಗಳು ಅಬ್ಬರಿಸುವಾಗಲೂ ಈ ಬದಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗಬಹುದು. ಅದೇ ಕಾರಣಕ್ಕೆ ದಾರಿಯ ಬಹುಪಾಲನ್ನು ಯಂತ್ರದ ಬಲದಿಂದ ಕ್ರಮಿಸಬೇಕಾಗುತ್ತದೆ. ಹಾಯಿಪಯಣವೆಂದೇ ಬಂದವರು ಇದನ್ನು ಮೊದಲೇ ತಿಳಿದಿರಲಿ. ಕಣಿವೆಯೊಂದರ ಬಾಯಿ ಎದುರಾದಾಗ ಮಾತ್ರ ಬೆಟ್ಟಗಳ ನಡುವಿನಿಂದ ಗಾಳಿ ರಭಸದಿಂದ ಇಳಿದು ಬರುತ್ತದೆ, ಹಾಯಿ ಉಬ್ಬುತ್ತದೆ. ಯಂತ್ರ ನಿಲ್ಲಿಸಿದ ಆ ಕೆಲವು ನಿಮಿಷಗಳಲ್ಲಿ ಕೇಳುವುದು ನೀರಿನ ಸದ್ದು ಮತ್ತು ಹಗ್ಗಗಳ ಕಿರುಗುಟ್ಟುವಿಕೆ ಮಾತ್ರ. ದಿನದ ಸವಿ ಅಲ್ಲಿದೆ.

ಮೊದಲು ಸಿಗುವುದು ಮ್ಯಾರಿಗೋ ಕೊಲ್ಲಿ. ಬಾಯಿ ಎಷ್ಟು ಕಿರಿದೆಂದರೆ ಹತ್ತಿರ ಬರುವವರೆಗೂ ಅದು ಇದೆಯೆಂದೇ ತಿಳಿಯುವುದಿಲ್ಲ. ಬ್ರಿಟಿಷ್ ನೌಕಾಪಡೆ ತನ್ನ ಹಡಗುಗಳ ಕೂವೆಮರಗಳಿಗೆ ತೆಂಗಿನ ಗರಿ ಕಟ್ಟಿ ಫ್ರೆಂಚರ ಕಣ್ತಪ್ಪಿಸಿ ಇಲ್ಲಿ ಅಡಗಿತ್ತು ಎಂಬ ಪ್ರತೀತಿಯಿದೆ. 1967ರ ‘ಡಾಕ್ಟರ್ ಡೂಲಿಟಲ್’ ಚಿತ್ರದ ಕೆಲವು ಭಾಗ ಇಲ್ಲಿ ಚಿತ್ರೀಕರಣವಾಯಿತು. ಮುಂದೆ ಆನ್ಸ್ ಲಾ ರೇ, ಕನಾರೀಸ್ ಎಂಬ ಮೀನುಗಾರರ ಊರುಗಳು. ಆನ್ಸ್ ಎಂದರೆ ಫ್ರೆಂಚಿನಲ್ಲಿ ಕಿರುಕೊಲ್ಲಿ.

ಸುಮಾರು ಒಂದೂವರೆ ಗಂಟೆಯ ನಂತರ ಕೊನೆಯ ಮೂಲೆ ತಿರುಗಿದಾಗ ಎರಡು ಶಿಖರಗಳು ನೀರಿನಿಂದಲೇ ಎದ್ದು ನಿಂತಂತೆ ಕಾಣುತ್ತವೆ. ಗ್ರೋ ಪಿಟಾನ್ 770 ಮೀಟರ್, ಪೆಟಿ ಪಿಟಾನ್ 743 ಮೀಟರ್. ಜ್ವಾಲಾಮುಖಿಯ ಕೊಳವೆಯಲ್ಲಿ ಗಟ್ಟಿಯಾದ ಶಿಲೆ ಇವು. ಪೆಟಿ ಪಿಟಾನಿನ ಬುಡಕ್ಕೆ ದೋಣಿ ಹೋದಾಗ ಕತ್ತು ಪೂರ್ತಿ ಹಿಂದಕ್ಕೆ ಬಾಗಿಸದೆ ತುದಿ ಕಾಣದು. ನೀರು ಅಲ್ಲಿ ತಟ್ಟನೆ ಗಾಢ ನೀಲಿಗೆ ತಿರುಗುತ್ತದೆ. ಮೇಲಿನ ಕಡಿದಾದ ಇಳಿಜಾರು ಕೆಳಗೂ ಹಾಗೆಯೇ ಮುಂದುವರಿದಿರುವುದೇ ಅದಕ್ಕೆ ಕಾರಣ. ದೇಶದ ಧ್ವಜದಲ್ಲಿರುವ ತ್ರಿಕೋನಗಳು ಈ ಶಿಖರಗಳೇ. 2004ರಲ್ಲಿ ಯುನೆಸ್ಕೋ ಈ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ಕಡಲ ಭಾಗದ ಶೇ 60ರಷ್ಟನ್ನು ಹವಳ ಆವರಿಸಿದೆ. 168 ಜಾತಿಯ ಮೀನುಗಳು ದಾಖಲಾಗಿವೆ.

ದಡದ ಮೇಲೆ

ಶಿಖರಗಳ ಉತ್ತರಕ್ಕಿರುವ ಸೂಫ್ರಿಯೇರ್ ಫ್ರೆಂಚರ ಕಾಲದ ರಾಜಧಾನಿ. ದೋಣಿಯಿಂದ ಇಳಿದವರನ್ನು ವ್ಯಾನುಗಳು ಗಂಧಕದ ಬುಗ್ಗೆಗಳಿಗೆ ಒಯ್ಯುತ್ತವೆ. ಬೂದುಬಣ್ಣದ ಕೆಸರು ಕೊತಕೊತ ಕುದಿಯುವ ಆ ಕಣಿವೆಯ ವಾಸನೆ ಕೊಳೆತ ಮೊಟ್ಟೆಯದು. ಬೆಳ್ಳಿಯ ಕಾಲುಂಗುರ, ಗೆಜ್ಜೆ ಧರಿಸಿದವರು ತೆಗೆದಿಟ್ಟು ಹೋಗಬೇಕು. ಅಲ್ಲಿನ ಅನಿಲ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಕೆಲವು ವಿಹಾರಗಳಲ್ಲಿ ಕೆಸರಿನ ಸ್ನಾನವೂ ಉಂಟು. ಸಸ್ಯೋದ್ಯಾನ, ಜಲಪಾತ, ಕೋಕೋ ತೋಟಗಳನ್ನು ಒಂದೇ ಉಸಿರಿನಲ್ಲಿ ತೋರಿಸುವ ಏರ್ಪಾಡುಗಳಿವೆ. ಒಂದೋ ಎರಡೋ ಜಾಗಕ್ಕೆ ಮಿತಿಗೊಂಡ ವಿಹಾರವನ್ನು ಆರಿಸಿಕೊಳ್ಳುವುದು ಮೇಲು, ಇಲ್ಲವಾದರೆ ದಿನ ವ್ಯಾನಿನಲ್ಲೇ ಕಳೆಯುತ್ತದೆ.

ಊಟದಲ್ಲಿ ಅನ್ನ, ಬೀನ್ಸ್, ಕೋಳಿ, ಮೀನು, ಬಾಳೆಯ ಬಗೆಗಳು ಇರುತ್ತವೆ. ಬೇಯಿಸಿದ ಬಾಳೆಕಾಯಿ ಮತ್ತು ಉಪ್ಪುಮೀನು ಇಲ್ಲಿನ ರಾಷ್ಟ್ರೀಯ ಖಾದ್ಯ. ಬಾಳೆಕಾಯಿಗೆ ಇಲ್ಲಿಯ ಇಂಗ್ಲಿಷಿನಲ್ಲಿ ‘ಗ್ರೀನ್ ಫಿಗ್’ ಎಂದು ಹೆಸರು. ಮಂಗಳೂರು ಕಡೆಯವರು ಬಡಿಸುವ ಮೇಜಿನ ಮೇಲೆ ಜೀಗುಜ್ಜೆಯನ್ನು ಕಂಡು ಹಿಗ್ಗಬಹುದು. ಅದು ಕೆರಿಬಿಯನ್ನಿಗೆ ಬಂದದ್ದು 1793ರಲ್ಲಿ, ಗುಲಾಮರಿಗೆ ಅಗ್ಗದ ಆಹಾರವಾಗಲೆಂದು ವಿಲಿಯಂ ಬ್ಲೈ ಟಹೀಟಿಯಿಂದ ಹಡಗಿನಲ್ಲಿ ಸಸಿಗಳನ್ನು ತಂದಾಗ. ಅದೇ ಜೀಗುಜ್ಜೆಯನ್ನು ಪೆಸಿಫಿಕ್ಕಿನ ದ್ವೀಪಗಳಿಗೆ ಹಬ್ಬಿಸಿದ್ದು ಜೋಡಿ ಒಡಲಿನ ದೋಣಿಗಳು. ಸಸ್ಯಾಹಾರಿಗಳು ಹೆಸರು ನೋಂದಾಯಿಸುವಾಗಲೇ ಹೇಳಿಡಬೇಕು. ಕಡಲ ಮಧ್ಯೆ ಬೇರೆ ಅಡುಗೆ ಮಾಡಿಕೊಡಲು ಯಾರಿಗೂ ಆಗದು.

ನೀರಿಗಿಳಿದಾಗ

ಮರಳುವ ದಾರಿಯಲ್ಲಿ, ಸಾಮಾನ್ಯವಾಗಿ ಆನ್ಸ್ ಕೊಶೋನಿನಂಥ ಕಿರುಕೊಲ್ಲಿಯಲ್ಲಿ, ದೋಣಿ ನಿಲ್ಲುತ್ತದೆ. ಹಿಂಭಾಗದ ಮೆಟ್ಟಿಲು ನೀರಿಗೆ ಇಳಿಯುತ್ತದೆ. ಮುಖವಾಡ, ಉಸಿರುಕೊಳವೆ, ತೇಲುಕೋಟು ಕೊಡುತ್ತಾರೆ. ಈಜು ಬಾರದವರು ತೇಲುಕೋಟು ತೊಟ್ಟು ಮೆಟ್ಟಿಲ ಬಳಿಯೇ ಇರಬೇಕು. ಈಜು ಬಲ್ಲವರಿಗೂ ಕೊಳವೆಯಲ್ಲಿ ಉಸಿರಾಡುವುದು ಹೊಸತು. ಮೊದಲ ಎರಡು ನಿಮಿಷ ಮೆಟ್ಟಿಲು ಹಿಡಿದುಕೊಂಡೇ ರೂಢಿಸಿಕೊಳ್ಳುವುದು ಜಾಣತನ. ಹೃದಯದ ತೊಂದರೆ ಇರುವವರು ನೀರಿಗಿಳಿಯುವ ಉತ್ಸಾಹವನ್ನು ವೈದ್ಯರನ್ನು ಕೇಳಿದ ನಂತರವೇ ಇಟ್ಟುಕೊಳ್ಳಲಿ. ಒಳ್ಳೆಯ ಸಿಬ್ಬಂದಿ ರಮ್ ಪಾನಕವನ್ನು ಎಲ್ಲರೂ ಈಜಿ ಮೇಲೆ ಬಂದ ಬಳಿಕವೇ ಹಂಚುತ್ತಾರೆ. ಹವಳದ ಮೇಲೆ ಕಾಲೂರಬಾರದು. ಅದು ಕಲ್ಲಿನಂತೆ ಕಂಡರೂ ಜೀವ. ಒಂದು ಹೆಜ್ಜೆಗೆ ಹಲವು ವರ್ಷಗಳ ಬೆಳವಣಿಗೆ ನಾಶವಾಗುತ್ತದೆ.

ಶಿಖರಗಳ ಬಳಿ ದೋಣಿ ನಿಲ್ಲಿಸುವ ರೀತಿಯನ್ನು ಗಮನಿಸಬೇಕು. ಲಂಗರು ಎಸೆಯುವುದಿಲ್ಲ. ಸಿಬ್ಬಂದಿಯಲ್ಲೊಬ್ಬ ಮುಂಭಾಗದಲ್ಲಿ ಮಂಡಿಯೂರಿ, ಉದ್ದ ಕೊಕ್ಕೆಯಿಂದ ತೇಲುಬುರುಡೆಯ ಹಗ್ಗವನ್ನು ಎತ್ತಿ ದೋಣಿಗೆ ಸಿಕ್ಕಿಸುತ್ತಾನೆ. ಇದರ ಹಿಂದೆ ಒಂದು ಜಗಳದ ಕಥೆಯಿದೆ. 1990ರ ದಶಕದ ಮೊದಲಲ್ಲಿ ಬಲೆ ಹಾಕುವವರು, ಮುಳುಗುಗಾರರು, ವಿಹಾರದೋಣಿಗಳವರು ಇದೇ ನೀರಿಗಾಗಿ ಕಿತ್ತಾಡುತ್ತಿದ್ದರು. ಲಂಗರುಗಳು ಹವಳವನ್ನು ಕೀಳುತ್ತಿದ್ದವು, ಮೀನು ಕಡಿಮೆಯಾಗುತ್ತಿತ್ತು. ದೀರ್ಘ ಮಾತುಕತೆಯ ನಂತರ 1995ರಲ್ಲಿ ಸೂಫ್ರಿಯೇರ್ ಕಡಲ ನಿರ್ವಹಣಾ ವಲಯ ರೂಪುಗೊಂಡು, ಸುಮಾರು 11 ಕಿಲೋಮೀಟರ್ ಕರಾವಳಿಯನ್ನು ಹಂಚಿಕೊಳ್ಳಲಾಯಿತು: ಇಲ್ಲಿ ಮೀನುಗಾರರಿಗೆ ಆದ್ಯತೆ, ಇಲ್ಲಿ ದೋಣಿಗಳ ತಂಗುದಾಣ, ಇಲ್ಲಿ ಯಾರೂ ಮೀನು ಹಿಡಿಯುವಂತಿಲ್ಲ. ಮೀನುಗಾರರು ತಮ್ಮ ನೆಲೆಗಳಲ್ಲಿ ಮೂರನೇ ಒಂದು ಭಾಗದಷ್ಟನ್ನು ಬಿಟ್ಟುಕೊಟ್ಟರು. ಅದು ಸಣ್ಣ ತ್ಯಾಗವಲ್ಲ. ಕ್ಯಾಲಮ್ ರಾಬರ್ಟ್ಸ್ ಮತ್ತು ಸಂಗಡಿಗರು 2001ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಐದು ವರ್ಷಗಳೊಳಗೆ ನಿಷೇಧಿತ ನೀರಿನ ಅಕ್ಕಪಕ್ಕದಲ್ಲಿ ಮೀನುಗಾರರಿಗೆ ಸಿಗುವ ಮೀನು ಶೇ 46ರಿಂದ 90ರಷ್ಟು ಏರಿತ್ತು. ವಿಹಾರಿಗಳು ಮುಖವಾಡದೊಳಗಿಂದ ನೋಡುವ ಗಿಳಿಮೀನುಗಳ ಹಿಂಡು ಆ ಒಪ್ಪಂದದ ಫಲ.

ಹೊತ್ತು

ಕ್ರೂಸ್ ಹಂಗಾಮು ನವೆಂಬರಿನಿಂದ ಏಪ್ರಿಲ್‌ವರೆಗೆ ತುಂಬಿರುತ್ತದೆ. ಜೂನ್‌ನಿಂದ ನವೆಂಬರ್ ಚಂಡಮಾರುತಗಳ ಕಾಲ. ಡಿಸೆಂಬರ್, ಜನವರಿಯಲ್ಲಿ ಗಾಳಿ ಜೋರು, ಉತ್ತರಕ್ಕೆ ಮರಳುವಾಗ ಎದುರಲೆ ಹೆಚ್ಚು. ಬೆಳಗ್ಗೆ ಬಲೆಯ ಮೇಲಿದ್ದವರೂ ಆಗ ಹಿಂದಕ್ಕೆ ಸರಿಯುತ್ತಾರೆ.

ಸಾಮಾನ್ಯವಾಗಿ ಹಡಗು ಬಿಡುವುದಕ್ಕೆ ಅರ್ಧ ಗಂಟೆ ಮೊದಲೇ ಎಲ್ಲರೂ ಒಳಗಿರಬೇಕು. ಹಡಗಿನ ಗಡಿಯಾರ ದ್ವೀಪದ ಗಡಿಯಾರಕ್ಕೆ ಹೊಂದುತ್ತದೆಂಬ ಖಾತರಿಯಿಲ್ಲ: ಚಳಿಗಾಲದಲ್ಲಿ ಮಯಾಮಿಯಿಂದ ಬರುವ ಹಡಗು ತನ್ನ ಹೊರಟ ಊರಿನ ಸಮಯವನ್ನೇ ಪಾಲಿಸಿದರೆ ಸೇಂಟ್ ಲೂಸಿಯಾಕ್ಕಿಂತ ಒಂದು ಗಂಟೆ ಹಿಂದಿರುತ್ತದೆ. ಫೋನು ದಡದ ಸಂಕೇತ ಹಿಡಿದು ತಾನೇ ಬದಲಾಗುತ್ತದೆ. ಹಡಗಿನ ಸಮಯಕ್ಕೆ ಹೊಂದಿಸಿದ ಕೈಗಡಿಯಾರವೇ ನಂಬಿಕೆಗೆ ಅರ್ಹ. ಹಡಗಿನ ಮೂಲಕ ಗೊತ್ತು ಮಾಡಿದ ವಿಹಾರ ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ತಲುಪಿಸುವ ಹೊಣೆ ಹೊರುತ್ತದೆ. ಕಟ್ಟೆಯ ಮೇಲೆ ಸ್ವತಂತ್ರವಾಗಿ ಗೊತ್ತು ಮಾಡಿದ್ದಕ್ಕೆ ಬೆಲೆ ಕಡಿಮೆ, ಜನದಟ್ಟಣೆಯೂ ಕಡಿಮೆ ಇರಬಹುದು. ಆದರೆ ತಡವಾದರೆ ಹೊಣೆ ಪ್ರಯಾಣಿಕರದೇ. ಹಾಗೆ ಹೋಗುವವರು ದೋಣಿ ಹತ್ತುವ ಮೊದಲೇ ನಾವಿಕನಿಗೆ ತಮ್ಮ ಹಡಗಿನ ಹೆಸರನ್ನೂ ಅದು ಹೊರಡುವ ಹೊತ್ತನ್ನೂ ತಿಳಿಸಿ, ಒಂದೂವರೆ ಗಂಟೆಯಾದರೂ ಉಳಿಯುವಂತೆ ಮರಳುವ ಮಾತು ಪಡೆಯಬೇಕು.